ನಡುವಿನ ಕುರ್ಚಿ

ಫೆಬ್ರವರಿ 2, ಭಾನುವಾರ

ಇದೊಂದನ್ನು ಬರೆಯದೆ ಬಿಡೋಣ ಅಂತಿದ್ದೆ. ನಿನ್ನೆ ಡೆಂಟಿಸ್ಟ್ ಮನೆಯಲ್ಲಿ, ಎಲ್ಲರ ಎದುರಿಗೆ, ನಾನು ‘ತಪ್ಪಾಯಿತು’ ಅಂದೆ. ಮಾಡದ ತಪ್ಪಿಗೆ. ಭಾವ ಆ ಮಾತನ್ನು ನನ್ನಿಂದ ಹೇಳಿಸಲಿಲ್ಲ, ನನ್ನ ಕಡೆ ನೋಡಿದರು ಅಷ್ಟೇ. ನನ್ನ ಬಾಯಿ ತಾನಾಗಿ ಅಂದುಬಿಟ್ಟಿತು. ಉಳಿದದ್ದನ್ನೆಲ್ಲ ಬರೆದು ಇದನ್ನು ಬಿಟ್ಟಿದ್ದರೆ, ಮುಂದೆಂದೋ ಓದುವಾಗ ನಾನು ಬಹಳ ಗಟ್ಟಿಗಿತ್ತಿಯಾಗಿ ಕಾಣುತ್ತಿದ್ದೆ.

ನಡೆದದ್ದು ಇಷ್ಟು. ಅವರ ಹಾಲಿಗೆ ಹೋಮ್ ಥಿಯೇಟರ್ ಕೊಟ್ಟದ್ದು ನಮ್ಮ ಅಂಗಡಿ. ಮಾರಿದವರು ಭಾವ, ವೈರಿಂಗ್ ಮಾಡಿದವರು ಅವರ ತಮ್ಮ, ಅಂದರೆ ನಮ್ಮನೆಯವರು, ದನಿ ಕೂರಿಸಿದವಳು ನಾನು. ಎದುರಿಗೆ ಆಳೆತ್ತರದ ಎರಡು ಸ್ಪೀಕರ್, ಹಿಂದೆ ಅಂಗೈಯಗಲದವು, ಮೂಲೆಯಲ್ಲಿ ಒಂದು ಸಬ್‌ವೂಫರ್. ಗುಡುಗು, ಲಾರಿ, ಡೋಲು, ಹೀಗೆ ಬೇಸ್ ಅನ್ನುವ ತಳದ ಸ್ವರಗಳನ್ನೆಲ್ಲ ಬೇರೆ ಸ್ಪೀಕರ್‌ಗಳಿಂದ ಇಳಿಸಿ ಸಬ್‌ನ ಹೆಗಲಿಗೆ ಹೊರಿಸಬೇಕು. ಅದಕ್ಕೆ ದನಿ ಹಂಚುವ ಪೆಟ್ಟಿಗೆಯಾದ ರಿಸೀವರ್‌ನ ಮೆನುವಿನಲ್ಲಿ ಎಲ್ಲ ಸ್ಪೀಕರನ್ನೂ ‘ಸ್ಮಾಲ್’ ಎಂದು ಇಡಬೇಕು, ಅವು ಎಷ್ಟೇ ಎತ್ತರವಿರಲಿ. ಇಟ್ಟಿದ್ದೆ. ನಿನ್ನೆ ಹೋಗಿ ನೋಡಿದರೆ ಎದುರಿನ ಎರಡೂ ‘ಲಾರ್ಜ್’ ಆಗಿದ್ದವು. ಹೊರಲಾರದ ಭಾರ ಹೊತ್ತು ಒಂದರ ಕೋನ್, ಅಂದರೆ ದನಿ ಹೊರಡಿಸುವ ಒಳಗಿನ ಪರದೆ, ಹರಿದಿತ್ತು.

“ನಮ್ಮ ಹುಡುಗಿ ಕೈತಪ್ಪು, ಡಾಕ್ಟ್ರೇ. ನಾನೇ ಬಂದು ಕೂತು ಮಾಡ್ಬೇಕಿತ್ತು” ಅಂದರು ಭಾವ.

ನಲವತ್ತನಾಲ್ಕರ ಹುಡುಗಿ ತಪ್ಪಾಯಿತು ಅಂದಳು.

ವಾಪಸ್ ಬರುವಾಗ ವ್ಯಾನಿನಲ್ಲಿ ಅವರೇ ಬಾಯಿ ಬಿಟ್ಟರು. “ಮೊನ್ನೆ ಆ ಕಡೆ ಹೋಗಿದ್ದೆ, ನಾನೇ ಬದಲಾಯಿಸ್ದೆ ಕಣಮ್ಮ. ಅಷ್ಟೆತ್ತರದ ಸ್ಪೀಕರ್ ತಗೊಂಡೋರಿಗೆ ಟೀವಿ ಮೇಲೆ ‘ಸ್ಮಾಲ್’ ಅಂತ ತೋರಿಸಿದ್ರೆ ಅವ್ರಿಗೆ ಹೇಗಾಗ್ಬೇಡ? ನೀನು ಚಿಕ್ಕವಳು, ನಿನ್ನ ಮೇಲೆ ಹಾಕಿದ್ರೆ ಅಂಗಡಿ ಹೆಸರು ಉಳಿಯುತ್ತೆ.”

ನಮ್ಮನೆಯವರು ಗೇರ್ ಬದಲಾಯಿಸಿದರು. ಗಂಟಲು ಸರಿ ಮಾಡಿಕೊಂಡರು. ಅಣ್ಣನ ಮುಂದೆ ಅವರ ಭಾಷಣ ಯಾವಾಗಲೂ ಅಷ್ಟೇ ಉದ್ದ.

ಫೆಬ್ರವರಿ 3

ಕೇಳುಗರ ಬಳಗದಲ್ಲಿ ಭಾವ ಹಾಕಿದ್ದಾರೆ. ಆನ್‌ಲೈನ್‌ನಲ್ಲಿರುವ ಆ ಬಳಗದಲ್ಲಿ ಈ ಹುಚ್ಚು ಹಿಡಿದವರೆಲ್ಲ ಇದ್ದಾರೆ, ನಮ್ಮ ಗಿರಾಕಿಗಳೂ. ‘ನಮ್ಮ ಮನೆಯ ಹೆಣ್ಣುಮಗಳು ಉತ್ಸಾಹದಲ್ಲಿ ಮಾಡಿದ ಸೆಟ್ಟಿಂಗ್‌ನಿಂದ ಹೀಗಾಯಿತು. ಬೇಸ್ ಅನ್ನುವುದು ಪುಸ್ತಕದಿಂದ ಬರುವುದಲ್ಲ, ಕಿವಿಯಿಂದ ಬರುವುದು.’ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಯಾರೋ ಬರೆದಿದ್ದಾರೆ: ‘ದೊಡ್ಡವರು ಎಂದರೆ ಹೀಗಿರಬೇಕು.’

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನಗೆ ಆನೆ ಬೇಡ.

ಫೆಬ್ರವರಿ 7

ಇನ್ನು ಕೆಲವು ದಿನ ಗಿರಾಕಿಗಳ ಮನೆಗೆ ನಾನು ಹೋಗುವುದು ಬೇಡವಂತೆ. “ಜನ ಮರೀಲಿ” ಅಂದರು ಭಾವ. ಅಷ್ಟರಲ್ಲಿ ಅಂಗಡಿಯ ಹಿಂದೆ ಕಟ್ಟಿಸಿರುವ ಹೊಸ ಕೇಳುವ ಕೋಣೆಯನ್ನು ಸಿದ್ಧ ಮಾಡಬೇಕು. ಮಾರ್ಚ್ 2ಕ್ಕೆ ಬಳಗದವರನ್ನೆಲ್ಲ ಕರೆದಿದ್ದಾರೆ. ಡೆಂಟಿಸ್ಟೂ ಬರುತ್ತಾರೆ. ತೋರಿಸುವವರು ಭಾವ. ಕೂರಿಸುವವಳು ನಾನು ಎಂದು ಯಾರಿಗೂ ತಿಳಿಯಬೇಕಾಗಿಲ್ಲ.

ಕೋಣೆ ಚೆನ್ನಾಗಿದೆ. ಗೋಡೆಗೆ ದಪ್ಪ ಬಟ್ಟೆಯ ಹಲಗೆಗಳು, ನೆಲಕ್ಕೆ ಕಂಬಳಿಯಂಥ ಹಾಸು, ಎಡಗೋಡೆಗೊಂದು ಬಲಗೋಡೆಗೊಂದು ಸಬ್. ಐದು ಕುರ್ಚಿ. ನಡುವಿನದು ಭಾವನದು, ಚರ್ಮದ್ದು, ನೆಲಕ್ಕೆ ಬೋಲ್ಟ್ ಹಾಕಿಸಿಕೊಂಡಿದ್ದಾರೆ. ಅದಕ್ಕೆ ಮಾತ್ರ ಕೈಯಿಡುವ ಜಾಗ ಅಗಲ. ರಿಮೋಟ್ ಇರುವುದೂ ಅಲ್ಲೇ.

ಈ ಐದು ದಿನದಿಂದ ನನಗೆ ಊಟ ಸೇರುತ್ತಿಲ್ಲ ಎಂದುಕೊಂಡಿದ್ದೆ. ಇವತ್ತು ಕೋಣೆಯಲ್ಲಿ ಒಬ್ಬಳೇ ನಿಂತಾಗ ಗೊತ್ತಾಯಿತು, ಹಸಿವು ಸತ್ತಿರಲಿಲ್ಲ, ಬೇರೆ ಏನನ್ನೋ ಹುಡುಕುತ್ತಿತ್ತು.

ಫೆಬ್ರವರಿ 9

ಮಾಡಿದೆ.

ಇದರ ಬಗ್ಗೆ ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಆ ಭಾಷೆಯಲ್ಲಿ ಬರೆದರೆ ನನ್ನ ಕೋಪಕ್ಕೆ ಇಸ್ತ್ರಿ ಹಾಕಿದ ಹಾಗಾಗುತ್ತದೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಸುಕ್ಕು ಸುಕ್ಕಾಗಿಯೇ ಇರಲಿ.

ಪ್ರತಿ ಸಬ್‌ನ ಬೆನ್ನಿಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ, ಫೇಸ್ ಸ್ವಿಚ್. ಎರಡೂ ಸಬ್‌ನಲ್ಲಿ ಅದು ಒಂದೇ ಕಡೆಗಿದ್ದರೆ ಎರಡೂ ಒಟ್ಟಿಗೆ ಗಾಳಿಯನ್ನು ನೂಕುತ್ತವೆ, ಒಟ್ಟಿಗೆ ಎಳೆಯುತ್ತವೆ. ಒಂದರದನ್ನು ತಿರುಗಿಸಿಟ್ಟರೆ ಎಡದ್ದು ನೂಕುವಾಗ ಬಲದ್ದು ಎಳೆಯುತ್ತದೆ. ಕೋಣೆಯ ನಟ್ಟನಡುವೆ ಎರಡೂ ಸೇರಿ ಸೊನ್ನೆಯಾಗುತ್ತವೆ. ಅಕ್ಕಪಕ್ಕದಲ್ಲಿ ಕೂತವರಿಗೆ ಎದೆ ನಡುಗುವಷ್ಟು ಬೇಸ್, ನಡುವಿನವರಿಗೆ ಏನೂ ಇಲ್ಲ.

ಬಲದ ಸಬ್‌ನ ಸ್ವಿಚ್ ತಿರುಗಿಸಿ ಚರ್ಮದ ಕುರ್ಚಿಯಲ್ಲಿ ಕೂತೆ. ಡೋಲಿನ ಹಾಡು ಹಾಕಿದೆ. ಕಡ್ಡಿಯ ಏಟು ಕೇಳಿಸುತ್ತದೆ, ಚರ್ಮದ ದನಿ ಇಲ್ಲ. ಪಕ್ಕದ ಕುರ್ಚಿಗೆ ಸರಿದೆ. ಡೋಲು ಎದ್ದು ಬಂತು. ಮತ್ತೆ ನಡುವಿಗೆ. ಮಾಯ. ಚಿಕ್ಕ ಮಗುವಿನ ಹಾಗೆ ಅತ್ತ ಇತ್ತ ಕೂತು ಎದ್ದು ಮಾಡಿದೆ. ನಕ್ಕೆ ಕೂಡ. ನನ್ನ ನಗುವನ್ನು ಆ ಗೋಡೆಗಳು ಹೀರಿಕೊಂಡವು.

ಒಮ್ಮೆ ಎದ್ದು ಪಕ್ಕದಲ್ಲಿ ಕೂತರೆ ಅವರಿಗೆ ಗುಟ್ಟು ತಿಳಿದುಹೋಗುತ್ತದೆ. ಆದರೆ ನಮ್ಮ ಭಾವ ಬೇರೆಯವರ ಜಾಗದಲ್ಲಿ ಕೂತವರಲ್ಲ. ಎದ್ದು ಹೋಗುವಾಗ ಹಾಡು ನಿಲ್ಲಿಸಿಯೇ ಏಳುತ್ತಾರೆ, ಓಡಾಡುತ್ತ ಕೇಳುವುದು ಸಂಗೀತಕ್ಕೆ ಅವಮಾನವಂತೆ. ಅವರನ್ನು ಕಟ್ಟಿಹಾಕಿರುವುದು ನಾನೋ, ಅವರ ನಿಯಮವೋ? ಈ ಪ್ರಶ್ನೆ ಕೇಳಿಕೊಂಡೆ ಅನ್ನುವುದಕ್ಕಾದರೂ ಇದನ್ನು ಬರೆದಿಡುತ್ತೇನೆ.

ಫೆಬ್ರವರಿ 12

ಇವತ್ತು ಭಾವ ಮೊದಲ ಸಲ ಕೂತರು. ಎಡಕ್ಕೆ ಅಕ್ಕ, ಅಂದರೆ ಅವರ ಹೆಂಡತಿ. ಬಲಕ್ಕೆ ನಮ್ಮನೆಯವರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

“ಎಲ್ಲಮ್ಮಾ ಬೇಸು?”

“ಬರ್ತಿದೆಯಲ್ಲ ಭಾವ.”

“ಎಲ್ಲಿ ಬರ್ತಿದೆ? ತೆಳ್ಳಗೆ ತಿಳಿನೀರಿನ ಹಾಗಿದೆ.” ರಿಮೋಟಿನಲ್ಲಿ ಸಬ್ ಏರಿಸಿದರು.

ಅಕ್ಕ ಕಿವಿ ಮುಚ್ಚಿಕೊಂಡರು. “ಅಯ್ಯೋ, ಸಾಕು ಮಾಡ್ರೀ, ಹೊಟ್ಟೆಯೊಳಗೆ ಯಾರೋ ಗುದ್ದಿದ ಹಾಗಾಗ್ತಿದೆ!”

“ನಿನಗೇನು ಗೊತ್ತು, ಸುಮ್ನಿರು.” ಇನ್ನೂ ಏರಿಸಿದರು. ನಮ್ಮನೆಯವರ ಕೈಯಲ್ಲಿದ್ದ ನೀರಿನ ಲೋಟದಲ್ಲಿ ಉಂಗುರ ಉಂಗುರ ಎದ್ದವು. ಭಾವ ಆ ಲೋಟವನ್ನು ನೋಡಿದರು. ತಮ್ಮನ ಮುಖ ನೋಡಿದರು. ಹಾಡು ನಿಲ್ಲಿಸಿ, ಎದ್ದು ಬಲದ ಸಬ್‌ನ ಮುಂದೆ ಮಂಡಿಯೂರಿ, “ಈಗ ಹಾಕು” ಎಂದು ನನಗೆ ಸನ್ನೆ ಮಾಡಿದರು.

ಕುರ್ಚಿಯ ಹತ್ತಿರ ಹೋಗಿ ರಿಮೋಟ್ ಎತ್ತಿಕೊಂಡೆ. ಸಬ್ಬಿನ ಬೆನ್ನಿಗೆ ಅವರ ಕೈ ಹೋದರೆ ಮುಗಿಯಿತು. ಕ್ಷಣಕಾಲ ಮಾತ್ರ ಹಾಕಿ ನಿಲ್ಲಿಸಿದೆ. ಬೆರಳ ತುದಿಯನ್ನು ಕೋನ್‌ಗೆ ತಾಕಿಸಿದರು ಅಷ್ಟೇ.

“ಹೊಡೀತಾ ಇದೆ” ಅಂದರು ಮೆಲ್ಲಗೆ. ಮತ್ತೆ ಹೋಗಿ ತಮ್ಮ ಕುರ್ಚಿಯಲ್ಲೇ ಕೂತರು.

ಫೆಬ್ರವರಿ 13

ಎರಡು ಹೊತ್ತೂ ಚೆನ್ನಾಗಿ ಉಂಡೆ.

ಫೆಬ್ರವರಿ 18

ತಾರಸಿಯಲ್ಲಿ ಬಟ್ಟೆ ಹರವುವಾಗ ಅಕ್ಕ ಬಂದರು. ಕೈಯಲ್ಲಿ ಹಿಂಡಿದ ಬೆಡ್‌ಶೀಟ್. ಒಂದು ತುದಿ ನನಗೆ ಕೊಟ್ಟರು, ಇಬ್ಬರೂ ಎಳೆದು ಜಾಡಿಸಿದೆವು.

“ಯಾರಿಗೂ ಹೇಳ್ಬೇಡ ಕಣೇ. ನಿಮ್ಮ ಭಾವ ಕಿವಿ ಡಾಕ್ಟರ ಹತ್ರ ಹೋಗಿ ಬಂದ್ರು.”

“ಏನಂತೆ?”

“ಎಲ್ಲ ಸರಿ ಇದೆ ಅಂದ್ರಂತೆ. ಆದ್ರೆ ಆ ಮೆಷಿನ್ನು ಅಷ್ಟು ಕೆಳಗಿನ ದನಿ ನೋಡೋದೇ ಇಲ್ಲವಂತೆ. ಮಾತು ಕೇಳಿಸಿದ್ರೆ ಆಯ್ತಲ್ಲ, ಇನ್ನೇನು ಬೇಕು ಅಂದ್ರಂತೆ. ಇವ್ರಿಗೆ ಅದೇ ಚಿಂತೆ. ಕಾರಲ್ಲಿ ಹಾಡು ಹಾಕಿ, ‘ಇದ್ರಲ್ಲೂ ಕಮ್ಮಿ ಆಗಿದೆ ಅಲ್ವಾ?’ ಅಂತ ನನ್ನ ಕೇಳ್ತಾರೆ. ನಾನು ಏನ್ ಹೇಳ್ಲಿ? ನನಗೆ ಎಲ್ಲಾ ಹಾಡೂ ಒಂದೇ.”

ಕಾರಿನಲ್ಲಿ ಕಡಿಮೆಯಾಗಲು ಕಾರಣವೇ ಇಲ್ಲ. ಅದು ನಾನು ಮಾಡಿದ್ದಲ್ಲ. ನಾನು ಒಂದು ಕುರ್ಚಿಯಿಂದ ಮಾತ್ರ ತೆಗೆದೆ, ಉಳಿದ ಕಡೆಯಿಂದ ಅವರೇ ತೆಗೆದುಕೊಳ್ಳುತ್ತಿದ್ದಾರೆ. ಕಿವಿಯಿಂದ ಬರುವುದು ಅಂದಿದ್ದರಲ್ಲ! ಈಗ ಹುಡುಕಿಕೊಳ್ಳಲಿ ಆ ಕಿವಿಯನ್ನು.

ಅಕ್ಕ ಕ್ಲಿಪ್ಪು ಹಾಕುವುದನ್ನು ಮರೆತರು. ಬೆಡ್‌ಶೀಟ್ ಹಾರಿ ಪಕ್ಕದ ಮನೆಯ ಗೋಡೆ ಮೇಲೆ ಬಿತ್ತು. ನಾನೇ ಹೋಗಿ ತಂದೆ.

ಫೆಬ್ರವರಿ 20

ನಮ್ಮನೆಯವರು ಊಟ ಮಾಡುತ್ತ, “ಆ ಕೋಣೆಯಲ್ಲಿ ಏನೋ ಸರಿ ಇಲ್ಲ ಅನ್ಸುತ್ತೆ. ಇವತ್ತು ವೈರ್ ನೋಡುವಾಗ ಹಾಡು ಹಾಕಿದ್ದೆ, ನಡುವೆ ದಾಟಿದ್ರೆ ಬೇಸ್ ಮಾಯ ಆದ ಹಾಗಿತ್ತು” ಅಂದರು.

“ನಿಮಗೇನು ಗೊತ್ತು, ಸುಮ್ನಿರಿ” ಅಂದೆ.

ಅವರು ಗಂಟಲು ಸರಿ ಮಾಡಿಕೊಂಡರು. ತಟ್ಟೆ ಎತ್ತಿಕೊಂಡು ಎದ್ದರು. ಏಕೋ ಇವತ್ತು ಪಾತ್ರೆಯನ್ನೂ ಅವರೇ ತೊಳೆದರು.

ಫೆಬ್ರವರಿ 24

ಭಾವ ನನ್ನನ್ನು ಕೋಣೆಗೆ ಕರೆದರು. ಅವರು ಕುರ್ಚಿಯಲ್ಲಿ ಕೂತಿರಲಿಲ್ಲ. ಅದರ ಬೆನ್ನು ಹಿಡಿದು ನಿಂತಿದ್ದರು, ಯಾರೋ ಹಿರಿಯರು ಅದರಲ್ಲಿ ಕೂತಿದ್ದಾರೆ ಅನ್ನುವ ಹಾಗೆ.

“ಭಾನುವಾರ ನೀನೇ ತೋರಿಸ್ಬೇಕು.”

“ನಾನಾ?”

“ನಾನು ಕೂತ್ರೆ ಏರಿಸಿಬಿಡ್ತೀನಿ. ನನಗೆ ಗೊತ್ತಾಗಲ್ಲ, ಜನ ಓಡಿಹೋಗ್ತಾರೆ.” ನಕ್ಕರು. ಅವರು ತಮ್ಮ ಮೇಲೆ ತಾವೇ ನಗುವುದನ್ನು ನಾನು ನೋಡಿದ್ದು ಇದೇ ಮೊದಲು, ಅಭ್ಯಾಸವಿಲ್ಲದ ನಗು, ಬಲಗಡೆ ಮಾತ್ರ ಬಂತು. “ಮನೆಗಳಿಗೂ ಇನ್ನು ನೀನೇ ಹೋಗು. ದನಿಯ ಕೆಲಸ ಎಲ್ಲ ನಿನ್ನದೇ. ನಾನು ಕೌಂಟರಲ್ಲಿ ಇರ್ತೀನಿ.”

“ಸರಿ ಭಾವ” ಅಂದೆ. ಬೇರೇನಾದರೂ ಅನ್ನಬೇಕಿತ್ತೇ? ಹಾವೂ ಸತ್ತಿದೆ, ಕೋಲೂ ಮುರಿದಿಲ್ಲ. ನನ್ನ ಲೆಕ್ಕಕ್ಕಿಂತ ಸಲೀಸಾಗಿ ನಡೆಯಿತು. ಅವರು ಜನರೆದುರಿಗೆ ಏರಿಸುತ್ತ ಹೋಗಬೇಕು, ಜನ ಕಿವಿ ಮುಚ್ಚಿಕೊಳ್ಳಬೇಕು, ಅವರ ಹೆಸರು ಬಳಗದಲ್ಲಿ ನಗೆಪಾಟಲಾಗಬೇಕು ಅನ್ನುವುದು ನನ್ನ ಯೋಜನೆ. ಅದು ತಪ್ಪಿತು. ಆದರೆ ಕುರ್ಚಿಯೇ ಸಿಕ್ಕಿತಲ್ಲ.

ಮಾರ್ಚ್ 2, ಭಾನುವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಸ್ವಿಚ್ ಸರಿ ಮಾಡಿದೆ. ನಾನು ತೋರಿಸುವ ದಿನ ನನ್ನ ಬೇಸ್ ಎಲ್ಲ ಕುರ್ಚಿಯಲ್ಲೂ ಇರಬೇಕು.

ಜನ ತುಂಬಿದ್ದರು. ಅರ್ಧ ಮಂದಿ ಗೋಡೆಗೆ ಒರಗಿ ನಿಂತಿದ್ದರು. ಭಾವ ಡೆಂಟಿಸ್ಟರ ಕೈಹಿಡಿದು ತಂದು ಚರ್ಮದ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಎಲ್ಲರ ಎದುರಿಗೆ ನಿಂತರು.

“ಶುರು ಮಾಡೋಕ್ಕೆ ಮುಂಚೆ ಒಂದು ಮಾತು. ಡಾಕ್ಟ್ರ ಮನೆ ಸ್ಪೀಕರ್ ಹಾಳಾಗಿದ್ದು ಇವಳಿಂದ ಅಲ್ಲ. ಇವಳು ಸರಿಯಾಗೇ ಇಟ್ಟಿದ್ಲು. ಬದಲಾಯಿಸಿದ್ದು ನಾನು.”

ಒಂದು ತಿಂಗಳು ನಾನು ಕಾದಿದ್ದ ಮಾತು. ನಾನು ಎಲ್ಲರ ಮುಖ ನೋಡಿದೆ. ಈಗ, ಈಗ ಅವು ಬದಲಾಗಬೇಕು.

“ನನ್ನ ಕಿವಿ ಕೈಕೊಟ್ಟಿದೆ” ಅಂದರು ಭಾವ. “ತಳದ ಸ್ವರ ಹೋಗಿದೆ. ಯಾವಾಗಿಂದ ಅಂತ ನನಗೇ ಗೊತ್ತಿಲ್ಲ. ಅವತ್ತು ಡಾಕ್ಟ್ರ ಮನೇಲೂ ಬೇಸ್ ಕಮ್ಮಿ ಅನ್ಸಿ ಬದಲಾಯಿಸಿರ್ಬೇಕು. ಅದು ಗೊತ್ತಾಗ್ದೆ ಇವಳ ಮೇಲೆ ಹಾಕ್ದೆ.”

ಮುಖಗಳು ಬದಲಾದವು. ಡೆಂಟಿಸ್ಟ್ ಎದ್ದು ಅವರನ್ನು ತಬ್ಬಿಕೊಂಡರು. “ಛೆ ಛೆ, ಬಿಡಿ ಸಾರ್, ಸ್ಪೀಕರ್ ಏನು ಮಹಾ!” ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರು ನನ್ನ ಕಿವಿಯಲ್ಲಿ, “ಇಂಥವರನ್ನ ಚೆನ್ನಾಗಿ ನೋಡ್ಕೊಳ್ಳಿ ಅಮ್ಮ” ಅಂದರು.

“ನೀವು ಕೇಳಿ. ನಾನು ಹೊರಗೆ ಟೀ ನೋಡ್ತೀನಿ” ಎಂದು ಭಾವ ಹೊರಟುಹೋದರು. ಟೀ ಆಗಲೇ ಫ್ಲಾಸ್ಕಿನಲ್ಲಿತ್ತು. ಬಾಗಿಲು ಮುಚ್ಚುವಾಗ ನೋಡಿದೆ. ಅಂಗಡಿ ದಾಟಿ, ರಸ್ತೆ ದಾಟಿ, ಆಚೆ ಬದಿಯ ಬಸ್‌ಸ್ಟಾಪಿನಲ್ಲಿ ಹೋಗಿ ಕೂತರು. ಗೋಡೆ ದಾಟಿ ಬರುವಷ್ಟು ದನಿ ಕೂಡ ತಾಕದ ಜಾಗ.

ಡೋಲು ಚೆನ್ನಾಗಿ ಬಂತಂತೆ. ಎಲ್ಲ ಕುರ್ಚಿಗೂ. ಎಲ್ಲರೂ ಹೇಳಿದರು.

ಮಾರ್ಚ್ 3

ಬಳಗದಲ್ಲಿ ಭಾವನಿಗೆ ಪಾದಪೂಜೆ ನಡೆಯುತ್ತಿದೆ. ನನ್ನ ಹೆಸರೂ ಬಂದಿದೆ, ‘ಅವರ ತಮ್ಮನ ಹೆಂಡತಿಯೂ ಚೆನ್ನಾಗಿ ತೋರಿಸಿದರು’ ಎಂದು.

ಸುಳ್ಳು! ಅವತ್ತು ಅವರಿಗೆ ಬೇಸ್ ಕಡಿಮೆ ಅನ್ನಿಸಿರಲಿಲ್ಲ. ಗಿರಾಕಿಯ ಮುಂದೆ ‘ಸ್ಮಾಲ್’ ಅನ್ನುವ ಪದ ಕಾಣಬಾರದು ಅನ್ನಿಸಿತ್ತು. ವ್ಯಾನಿನಲ್ಲಿ ಅವರೇ ಹೇಳಿದ ಮಾತು ಅದು. ಈಗ ಅವರು ಅದನ್ನು ಮರೆತಿದ್ದಾರೆ, ಮರೆಯಲು ಕಾರಣ ಕೊಟ್ಟವಳು ನಾನು. ಮಾಡಿದ್ದು ಜಂಬ, ಅದಕ್ಕೆ ರೋಗದ ಶಾಲು ಹೊದೆಸಿದ್ದು ನಾನು. ಕಿವಿ ಹೋದವನನ್ನು ಯಾರು ಬೈಯುತ್ತಾರೆ? ನನಗೆ ಬೇಕಿದ್ದದ್ದು, ಸರಿಯಾದ ಕಿವಿಯಿರುವ ಮನುಷ್ಯ ಎಲ್ಲರೆದುರಿಗೆ ‘ತಪ್ಪಾಯಿತು’ ಅನ್ನುವುದು. ನಾನು ಅಂದ ಹಾಗೆ.

ಮಾರ್ಚ್ 4

ಡೆಂಟಿಸ್ಟ್ ಮನೆಗೆ ಹೊಸ ಕೋನ್ ಹಾಕಲು ಹೋಗಿದ್ದೆವು. ಎರಡೂ ಸ್ಪೀಕರನ್ನು ‘ಸ್ಮಾಲ್’ ಮಾಡಿದೆ. ಟೀವಿಯ ಮೇಲೆ ಆ ಪದ ಕಂಡಾಗ ಅದರ ಅರ್ಥ ವಿವರಿಸಿದೆ. ಡೆಂಟಿಸ್ಟ್, “ಓ, ಇದು ಸ್ಪೀಕರ್ ಸೈಜ್ ಅಲ್ಲ, ಭಾರ ಯಾರು ಹೊರ್ತಾರೆ ಅನ್ನೋದಾ?” ಎಂದು ನಕ್ಕರು. ಭಾವ ಹೆದರಿದ ಹಾಗೆ ಅವರಿಗೆ ಹೇಗೂ ಆಗಲಿಲ್ಲ. ಹೊರಡುವಾಗ, “ಪಾಪ ನಿಮ್ಮ ಭಾವ” ಅಂದರು.

ಸಂಜೆ ಮಹಡಿಯಲ್ಲಿರುವ ಭಾವನ ಮನೆಗೆ ಹೋದೆ. ಅವರ ರೂಮಿನ ಹಳೆಯ ಪ್ಲೇಯರ್ ಕಾಣಲಿಲ್ಲ. ಅಕ್ಕ ಅದನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದಾರಂತೆ, ಭಾವನೇ ಹಾಕಿಸಿದ್ದಂತೆ. “ಶೇವ್ ಮಾಡುವಾಗ ಗುನುಗ್ತಿದ್ರಲ್ಲ, ಅದೂ ನಿಂತಿದೆ. ಶುಕ್ರವಾರ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೊರಡ್ತೀವಿ. ತಲೆ ಸ್ಕ್ಯಾನ್ ಮಾಡ್ತಾರಂತೆ. ಗಡ್ಡೆ ಗಿಡ್ಡೆ ಏನಾದ್ರೂ ಇದ್ರೆ ಅಂತ ಅವ್ರೇ ಹೆದರಿಕೊಂಡು ಬರೆಸಿಕೊಂಡು ಬಂದಿದ್ದಾರೆ.”

ಭಾವ ಒಳಗಿನಿಂದ, “ಯಾರು ಬಂದಿರೋದು?” ಅಂದರು.

“ನಾನು, ಭಾವ.”

“ಕೇಳಿಸ್ತು, ಕೇಳಿಸ್ತು. ನಿನ್ನ ದನಿ ಕೇಳಿಸುತ್ತೆ” ಅಂದರು, ನನಗೆ ಧೈರ್ಯ ಹೇಳುವವರ ಹಾಗೆ.

ಮಾರ್ಚ್ 5, ಬುಧವಾರ

ಭಾವನ ಆ ರೋಗದ ಶಾಲು ಕಿತ್ತುಕೊಳ್ಳಲು ಇರುವುದು ಒಂದೇ ದಾರಿ. ಬೇರೆ ಇದೆಯೇ ಎಂದು ಇಡೀ ದಿನ ಯೋಚಿಸಿದೆ. ಅವರ ಕಿವಿ ಸರಿಯಾಗಿದೆ ಎಂದು ಸಾಧಿಸಬೇಕಾದರೆ ಕುರ್ಚಿಯ ಕಥೆ ಹೇಳಬೇಕು. ಕುರ್ಚಿಯ ಕಥೆ ಹೇಳಿದರೆ ದನಿಯ ಕೆಲಸ ನನ್ನ ಕೈಯಲ್ಲಿ ಉಳಿಯುವುದಿಲ್ಲ. ಬೇಕೆಂದೇ ಬೇಸ್ ಕದ್ದವಳನ್ನು ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ? ಸುಮ್ಮನಿದ್ದರೆ ಎಲ್ಲವೂ ನನ್ನದೇ. ಆದರೆ ಅವರು ಸಾಯುವವರೆಗೂ ‘ಪಾಪ ನಿಮ್ಮ ಭಾವ’ ಆಗಿಯೇ ಇರುತ್ತಾರೆ, ಆ ಜಂಬಕ್ಕೆ ಯಾರೂ ಅದರ ಹೆಸರು ಹಿಡಿದು ಕರೆಯುವುದಿಲ್ಲ. ಅದು ನನಗೆ ಸಹಿಸಲಾಗದು.

ನಮ್ಮನೆಯವರಿಗೆ ಎಲ್ಲ ಹೇಳಿದೆ.

“ನನಗೆ ಗೊತ್ತಿತ್ತು” ಅಂದರು. “ಆ ದಿನ ನೀನು ಸುಮ್ನಿರಿ ಅಂದ್ಯಲ್ಲ, ಆಮೇಲೆ ಹೋಗಿ ಸ್ವಿಚ್ ನೋಡ್ದೆ.”

“ಮತ್ತೆ ಯಾಕೆ ತಿರುಗಿಸಲಿಲ್ಲ?”

“ಅಣ್ಣನಿಗೆ ಆಗ್ಲಿ ಅನ್ನಿಸ್ತು.” ಅಣ್ಣನ ಬಗ್ಗೆ, ಗಂಟಲು ಸರಿ ಮಾಡಿಕೊಳ್ಳದೆ, ಅವರು ನನ್ನೆದುರು ಹೇಳಿದ ಮೊದಲ ಮಾತು. “ಈಗ ಸಾಕು ಅನ್ನಿಸುತ್ತೆ. ನಿನಗೆ?”

“ನನಗೆ ಸಾಕಾಗಿಲ್ಲ” ಅಂದೆ. ನಿಜವಾಗಿ ಸಾಕಾಗಿಲ್ಲ.

ಬಳಗಕ್ಕೆ ಬರೆದದ್ದು ಇದು:

‘ನಮ್ಮ ಭಾವನ ಕಿವಿಗೆ ಏನೂ ಆಗಿಲ್ಲ. ಹೊಸ ಕೋಣೆಯಲ್ಲಿ ಬಲಗಡೆಯ ಸಬ್‌ನ ಫೇಸ್ ಸ್ವಿಚ್ ತಿರುಗಿಸಿಟ್ಟು, ಅವರ ಕುರ್ಚಿಯೊಂದಕ್ಕೇ ಬೇಸ್ ಸಿಗದ ಹಾಗೆ ಮಾಡಿದವಳು ನಾನು. ನಂಬದವರು ನಿಮ್ಮ ಮನೆಯಲ್ಲೇ ಮಾಡಿ ನೋಡಿ. ಡೆಂಟಿಸ್ಟರ ಸ್ಪೀಕರ್ ವಿಷಯಕ್ಕೆ ಅವರು ಕೊಟ್ಟ ಕಾರಣವೂ ಸರಿಯಲ್ಲ. ಎತ್ತರದ ಸ್ಪೀಕರಿಗೆ ‘ಸ್ಮಾಲ್’ ಎಂದು ತೋರಿಸಲು ಅವರಿಗೆ ನಾಚಿಕೆಯಾಯಿತು, ಅದಕ್ಕೆ ಬದಲಾಯಿಸಿದರು. ಅದನ್ನು ಒಳ್ಳೆಯ ಕಿವಿ ಇಟ್ಟುಕೊಂಡೇ ಮಾಡಿದರು. ಭಾವ, ಅಟ್ಟದಿಂದ ಪ್ಲೇಯರ್ ಇಳಿಸಿ, ಹಾಡು ಹಾಕಿ, ಎದ್ದು ಓಡಾಡುತ್ತ ಕೇಳಿ. ಎಲ್ಲ ಇದೆ. ಆಮೇಲೆ ನನ್ನನ್ನು ಬೈಯಲು ಬನ್ನಿ, ನಾನೂ ಬೈಯುವುದಿದೆ.’

ಕೊನೆಯ ಮೂರು ಸಾಲು ಬೇಕೇ ಎಂದು ಯೋಚಿಸಿದೆ. ಅವಕ್ಕೂ ಸೇಡಿಗೂ ಸಂಬಂಧವಿಲ್ಲ. ಅಳಿಸಿ, ಮತ್ತೆ ಬರೆದೆ. ಇರಲಿ, ಇಲ್ಲದಿದ್ದರೆ ಕೇಳಿ ನೋಡುವುದು ಅವರಿಗೆ ಹೊಳೆಯದೆ ಹೋಗಬಹುದು.

ಬಳಗದಲ್ಲಿ ಓದುವವರು ಹೆಚ್ಚಿರುವುದು ಭಾನುವಾರ. ಆ ದಿನ ಹಾಕಿದರೆ ಇಡೀ ಊರಿಗೆ ತಲುಪುತ್ತದೆ, ಅವರ ಮಾನ ಸರಿಯಾಗಿ ಹೋಗುತ್ತದೆ. ಅಲ್ಲಿಯವರೆಗೆ ಕಾಯುವುದೇ ಬುದ್ಧಿವಂತಿಕೆ. ಆದರೆ ಕಾಯುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ, ಅಷ್ಟೇ ಕಾರಣ, ಶುಕ್ರವಾರದ ಸ್ಕ್ಯಾನ್ ಅಲ್ಲ.

ಹಾಕುವ ದಿನ: ಮಾರ್ಚ್ 6, ಗುರುವಾರ, ಬೆಳಿಗ್ಗೆ ಅವರು ಶೇವ್ ಮಾಡಲು ಏಳುವ ಮೊದಲು.